ಬಾಬಾಬುಡನ್ ತಪ್ಪಲಿನಿಂದ ಮಹಾಖಂಡಗಳಿಗೆ: ಜಾನ್ ರೋಜರ್ಸ್ ಹಿಡಿದ ದಾರಿ

ಬೆಂಗಳೂರಿನಿಂದ ಹೊರಡುವ ‘ಜರ್ನಲ್ ಆಫ್ ದ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ’ದಲ್ಲಿ 1993ರಲ್ಲಿ ಆರೇ ಪುಟಗಳ ಒಂದು ಲೇಖನ ಅಚ್ಚಾಯಿತು. ತಲೆಬರಹ ‘ಇಂಡಿಯಾ ಅಂಡ್ ಉರ್’. ಬರೆದವರು ಅಮೆರಿಕದ ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಜಾನ್ ಜೆ. ಡಬ್ಲ್ಯೂ. ರೋಜರ್ಸ್. ಸುಮಾರು 300 ಕೋಟಿ ವರ್ಷಗಳ ಹಿಂದೆ ಭೂಮಿಯ ಮೇಲೆ ಒಂದು ಮೂಲಖಂಡವಿತ್ತು, ಅದರೊಳಗೆ ಇಂದಿನ ಕರ್ನಾಟಕದ ಪಶ್ಚಿಮ ಭಾಗ, ದಕ್ಷಿಣ ಆಫ್ರಿಕದ ಕಾಪ್‌ವಾಲ್, ಪಶ್ಚಿಮ ಆಸ್ಟ್ರೇಲಿಯದ ಪಿಲ್ಬರಾ ಒಟ್ಟಿಗಿದ್ದವು ಎಂಬುದು ಅವರ ವಾದ. ಆ ಖಂಡಕ್ಕೆ ಅವರು ಕೊಟ್ಟ ಹೆಸರು ಉರ್. ಮೂರು ವರ್ಷದ ನಂತರ ಅದೇ ವಾದ ಹಿಗ್ಗಿ ಷಿಕಾಗೋದ ‘ಜರ್ನಲ್ ಆಫ್ ಜಿಯಾಲಜಿ’ಯಲ್ಲಿ ಬಂತು. ಜಗತ್ತಿನ ಭೂವಿಜ್ಞಾನಿಗಳು ಹೆಚ್ಚಾಗಿ ಉಲ್ಲೇಖಿಸುವುದು ಆ ಎರಡನೆಯದನ್ನೇ.

ರೋಜರ್ಸ್ ಮೊದಲಿನಿಂದ ಮಹಾಖಂಡಗಳ, ಅಂದರೆ ಹಲವು ಖಂಡಗಳು ಸೇರಿ ಆದ ಸೂಪರ್‌ಕಾಂಟಿನೆಂಟುಗಳ, ಹಿಂದೆ ಬಿದ್ದವರಲ್ಲ. ಅವರ ವೃತ್ತಿಯ ಮೊದಲರ್ಧ ಕಳೆದದ್ದು ಕಲ್ಲಿನೊಳಗಿನ ಯುರೇನಿಯಂ, ಥೋರಿಯಂ ಅಳೆಯುವುದರಲ್ಲಿ. ಅಲ್ಲಿಂದ ಇಲ್ಲಿಗೆ ಅವರು ಹೇಗೆ ಬಂದರು, ನಡುವೆ ಧಾರವಾಡ ಕ್ರೇಟಾನ್ (ಕರ್ನಾಟಕದ ತಳದಲ್ಲಿರುವ ಅತಿ ಹಳೆಯ ಭೂಚಿಪ್ಪಿನ ತುಣುಕು) ಯಾಕೆ ಬಂತು, ಅವರು ಕಟ್ಟಿದ ಚಿತ್ರದಲ್ಲಿ ಇವತ್ತು ಎಷ್ಟು ಉಳಿದಿದೆ ಎಂಬುದು ಈ ಪ್ರಕರಣದ ವಿಷಯ. ಅತಿ ಹಳೆಯ ಶಿಲೆಗಳ ಕಡೆ ಹೊರಟಿರುವ ವಿದ್ಯಾರ್ಥಿಗಳು ‘ಸೂಪರ್‌ಕಾಂಟಿನೆಂಟ್ ಅಧ್ಯಯನ’ ಎಂಬ ಪ್ರತ್ಯೇಕ ಶಾಖೆಯೊಂದಿದೆ, ಅದರ ಬಾಗಿಲು ಎಲ್ಲೋ ಇದೆ ಎಂದುಕೊಂಡಿರುತ್ತಾರೆ. ಈ ಪ್ರಕರಣ ನೋಡಿದರೆ ಆ ನಂಬಿಕೆ ಸ್ವಲ್ಪ ಸಡಿಲವಾಗಬಹುದು.

ವಿಕಿರಣದಿಂದ ಶುರು

1950ರ ದಶಕದಲ್ಲಿ ಕ್ಯಾಲ್ಟೆಕ್‌ನಿಂದ ಡಾಕ್ಟರೇಟ್ ಪಡೆದ ರೋಜರ್ಸ್ ಟೆಕ್ಸಾಸ್‌ನ ರೈಸ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಅದು ಪರಮಾಣು ವಿದ್ಯುತ್ತಿನ ಕನಸಿನ ಕಾಲ. ಯುರೇನಿಯಂ ಮುಗಿದರೆ ಥೋರಿಯಂ ಎಲ್ಲಿ ಸಿಗುತ್ತದೆ ಎಂಬ ಹುಡುಕಾಟ ನಡೆದಿತ್ತು. ನ್ಯೂ ಹ್ಯಾಂಪ್‌ಶೈರ್‌ನ ಕಾನ್ವೆ ಗ್ರಾನೈಟನ್ನು ಕಡಿಮೆ ದರ್ಜೆಯ, ಆದರೆ ಅಪಾರ ಪ್ರಮಾಣದ ಥೋರಿಯಂ ನಿಧಿ ಎಂದು ತೋರಿಸಿದ 1962ರ ಲೇಖನದ ಕರ್ತೃಗಳಲ್ಲಿ ರೋಜರ್ಸ್ ಒಬ್ಬರು. ಬೆಟ್ಟಕ್ಕೆ ಬೈರಿಗೆ ಇಳಿಸಿ ತೆಗೆದ ಕಲ್ಲಿನ ಕಂಬಗಳಲ್ಲಿ ಅಡಿ ಅಡಿಗೂ ಥೋರಿಯಂ, ಯುರೇನಿಯಂ, ಪೊಟ್ಯಾಸಿಯಂ ಎಷ್ಟಿದೆ ಎಂದು ಲೆಕ್ಕ ಹಾಕುವ ಕೆಲಸ ಅದು.

ಇದಕ್ಕೂ ಖಂಡಗಳಿಗೂ ಏನು ಸಂಬಂಧ? ಈ ಮೂರೂ ಧಾತುಗಳು ಕ್ಷಯಿಸುತ್ತಾ ಶಾಖ ಬಿಡುತ್ತವೆ. ಭೂಚಿಪ್ಪಿನ ಒಂದು ತುಣುಕು ಮೆತ್ತಗಿರುತ್ತದೋ ಗಟ್ಟಿಯಾಗುತ್ತದೋ ಎಂಬುದನ್ನು ತೀರ್ಮಾನಿಸುವುದರಲ್ಲಿ ಆ ಶಾಖದ ಪಾಲು ದೊಡ್ಡದು. ಆಳದ ಶಿಲೆ ಕರಗಿ ಗ್ರಾನೈಟ್ ಆಗಿ ಮೇಲೇರುವಾಗ ಯುರೇನಿಯಂ, ಥೋರಿಯಂಗಳನ್ನೂ ಎಳೆದುಕೊಂಡು ಬರುತ್ತದೆ. ಕೆಳಗೆ ಉಳಿಯುವುದು ಶಾಖದ ಮೂಲ ಕಳೆದುಕೊಂಡ ಒಣ ಶಿಲೆ. ಅದು ತಣ್ಣಗಾಗಿ ಬಿಗಿಯುತ್ತದೆ, ಆಮೇಲೆ ಸುಲಭಕ್ಕೆ ಮಡಿಸಿಕೊಳ್ಳುವುದಿಲ್ಲ. ಹೀಗೆ ಗಟ್ಟಿಯಾಗಿ ಕೋಟ್ಯಂತರ ವರ್ಷ ಅಲುಗಾಡದೆ ಉಳಿದ ತುಣುಕನ್ನೇ ಕ್ರೇಟಾನ್ ಎನ್ನುವುದು.

1970ರ ದಶಕದಲ್ಲಿ ಚಾಪೆಲ್ ಹಿಲ್‌ಗೆ ಬಂದ ಮೇಲೆ ರೋಜರ್ಸ್ ಈಜಿಪ್ಟಿನ ಪೂರ್ವ ಮರುಭೂಮಿಯ ಗ್ರಾನೈಟುಗಳ ಮೇಲೆ ಕೆಲಸ ಮಾಡಿದರು. ಪರ್ವತ ಹುಟ್ಟುವಾಗಿನ ಗ್ರಾನೈಟ್ ಯಾವುದು, ಎಲ್ಲ ಮುಗಿದ ಮೇಲೆ ಬಂದದ್ದು ಯಾವುದು ಎಂದು ರಸಾಯನದಿಂದ ಬೇರ್ಪಡಿಸುವ ಪ್ರಯತ್ನ ಅದು. ಅವರ ಆ ವರ್ಷಗಳ ಬರವಣಿಗೆಯನ್ನು ಸಾಲಾಗಿ ಇಟ್ಟು ನೋಡಿದರೆ ಕಾಣುವುದು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪ: ಈ ನೆಲ ಯಾವಾಗ ಗಟ್ಟಿಯಾಯಿತು? ಮಹಾಖಂಡದ ಮಾತು ಇನ್ನೂ ಬಂದಿರಲಿಲ್ಲ. ಆ ಪ್ರಶ್ನೆ ಕೈಯಲ್ಲಿರುವ ಮನುಷ್ಯನಿಗೆ ದಕ್ಷಿಣ ಭಾರತ ಸಿಕ್ಕಿದರೆ ಏನಾಗಬಹುದು ಎಂಬುದನ್ನು ಈಗ ನೋಡೋಣ.

ಧಾರವಾಡ ಕ್ರೇಟಾನ್ ಎಂಬ ಸೀಳುನೋಟ

ಭೂವಿಜ್ಞಾನಿಗಳು ಧಾರವಾಡ ಕ್ರೇಟಾನನ್ನು ಇಷ್ಟಪಡುವುದಕ್ಕೆ ಒಂದು ಕಾರಣ ಅದರ ವಾಲಿಕೆ. ಇಡೀ ನೆಲ ಉತ್ತರಕ್ಕೆ ಓರೆಯಾಗಿದೆ. ಹಂಪಿಯ ಕಡೆಯಿಂದ ರಾಮನಗರ ಹಾಯ್ದು ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ ನಕ್ಷೆಯ ಮೇಲೆ ತೆಂಕಣಕ್ಕೆ ಹೋದಂತೆ, ಶಿಲೆಗಳ ಲೆಕ್ಕದಲ್ಲಿ ಭೂಚಿಪ್ಪಿನ ಆಳಕ್ಕೆ ಇಳಿದಂತೆ. ಮೇಲುಮಟ್ಟದ ಗ್ರಾನೈಟ್, ನಡುಮಟ್ಟದಲ್ಲಿ ಶಾಖ–ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದ ನೈಸ್, ಕೊನೆಗೆ ನೀರು ಕಳೆದುಕೊಂಡ ಚಾರ್ನೊಕೈಟ್. ಕಬ್ಬಾಳದುರ್ಗದ ಕ್ವಾರಿಯಲ್ಲಿ ಬೂದು ಬಣ್ಣದ ನೈಸ್ ತೇಪೆ ತೇಪೆಯಾಗಿ ಚಾರ್ನೊಕೈಟ್‌ಗೆ ತಿರುಗುತ್ತಿರುವುದನ್ನು ಸಿ. ಎಸ್. ಪಿಚ್ಚಮುತ್ತು 1960ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ್ದರು. ಶಾಖ, ಗ್ರಾನೈಟ್, ಒಣಗಿದ ತಳ ಎಂದು ರೋಜರ್ಸ್ ಅಲ್ಲಿ ಕಾಗದದ ಮೇಲೆ ಬರೆಯುತ್ತಿದ್ದುದೆಲ್ಲ ಇಲ್ಲಿ ರಸ್ತೆಬದಿಯಲ್ಲಿ ತೆರೆದು ಬಿದ್ದಿತ್ತು.

ಇಲ್ಲಿ ಅವರಿಗೆ ಸಿಕ್ಕ ಜೊತೆಗಾರರು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಎಸ್. ಎಂ. ನಕ್ವಿ. ಇಬ್ಬರೂ ಸೇರಿ ಸಂಪಾದಿಸಿದ ದಕ್ಷಿಣ ಭಾರತದ ಪ್ರಿಕೇಂಬ್ರಿಯನ್ (ಸುಮಾರು 54 ಕೋಟಿ ವರ್ಷಕ್ಕಿಂತ ಹಿಂದಿನ ಕಾಲ) ಕುರಿತ ಸಂಪುಟವನ್ನು 1983ರಲ್ಲಿ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ತನ್ನ ನಾಲ್ಕನೆಯ ಮೆಮೊಯಿರ್ ಆಗಿ ಹೊರತಂದಿತು. 1987ರಲ್ಲಿ ಇಬ್ಬರ ಹೆಸರಲ್ಲೂ ಭಾರತದ ಪ್ರಿಕೇಂಬ್ರಿಯನ್ ಭೂವಿಜ್ಞಾನದ ದೊಡ್ಡ ಪುಸ್ತಕ ಆಕ್ಸ್‌ಫರ್ಡ್‌ನಿಂದ ಬಂತು. ಅದರ ಅಧ್ಯಾಯಗಳ ಹಂಚಿಕೆಯೇ ಕುತೂಹಲಕರ. ರಾಜ್ಯವಾರು ಇಲ್ಲ, ಕಾಲಾನುಕ್ರಮವೂ ಇಲ್ಲ. ಪಶ್ಚಿಮ ಧಾರವಾಡ, ಪೂರ್ವ ಧಾರವಾಡ, ಮಧ್ಯ ಭಾರತದ ಭಂಡಾರಾ, ಜಾರ್ಖಂಡ್–ಒಡಿಶಾ ಕಡೆಯ ಸಿಂಗ್‌ಭೂಮ್ ಎಂದು ತುಣುಕು ತುಣುಕಾಗಿ ದೇಶವನ್ನು ಹಂಚಿದ್ದಾರೆ. ಒಂದು ದೇಶವನ್ನು ಹೀಗೆ ತುಣುಕುಗಳ ಕೂಟವಾಗಿ ನೋಡಲು ಕಲಿತವನಿಗೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಇವು ಯಾವಾಗ, ಯಾವುದರ ಜೊತೆ ಸೇರಿದ್ದವು?

1986ರ ‘ಜರ್ನಲ್ ಆಫ್ ಜಿಯಾಲಜಿ’ಯ ಒಂದೇ ಸಂಪುಟದಲ್ಲಿ ಒಂದರ ಹಿಂದೆ ಒಂದು ಎರಡು ಲೇಖನಗಳಿವೆ. ಮೊದಲನೆಯದು ಧಾರವಾಡ ಕ್ರೇಟಾನ್ ಮತ್ತು ಪರ್ಯಾಯದ್ವೀಪದ ಜೋಡಣೆ ಕುರಿತು ರೋಜರ್ಸ್ ಬರೆದದ್ದು. ಅದು ಮುಗಿದ ಕೂಡಲೇ ಭಾರತದ ಪ್ರಿಕೇಂಬ್ರಿಯನ್ ಭೂಚಿಪ್ಪಿನ ವಿಕಾಸದ ಬಗ್ಗೆ ಬಿ. ಪಿ. ರಾಧಾಕೃಷ್ಣ ಮತ್ತು ನಕ್ವಿ ಬರೆದದ್ದು ಶುರುವಾಗುತ್ತದೆ. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿ ಬೆಳೆದ ರಾಧಾಕೃಷ್ಣ, 1958ರಲ್ಲಿ ಹುಟ್ಟಿದ ಜಿಯಲಾಜಿಕಲ್ ಸೊಸೈಟಿಯನ್ನು ದಶಕಗಳ ಕಾಲ ಹೊತ್ತು ನಡೆಸಿದವರು. ‘ಇಂಡಿಯಾ ಅಂಡ್ ಉರ್’ ಬೆಂಗಳೂರಿನಲ್ಲಿ ಅಚ್ಚಾದದ್ದರ ಹಿಂದೆ ಇಂಥ ಸಂಗವಿದೆ ಎಂದು ನನ್ನ ಓದು.

ಎಲ್ಲ ನಿಂತಿರುವುದು ಒಂದು ಗೆರೆಯ ಮೇಲೆ

ಪ್ರಕರಣದ ತಿರುಳು ಚಿಕ್ಕಮಗಳೂರು ಜಿಲ್ಲೆಯಲ್ಲಿದೆ.

ನಮ್ಮ ಕಡೆ ಒಂದು ಹಳೆಯ ಜಗಳವಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಧಾರವಾಡ ಶಿಲಾಸಮೂಹ ಎಂದು ಗುರುತಿಸಿದ, ಹಾಳೆ ಹಾಳೆಯಾಗಿ ಬಿಡುವ ಷಿಸ್ಟ್ ಶಿಲೆಯ ಪಟ್ಟಿಗಳು ಹಳೆಯವೋ, ಅವನ್ನು ಸುತ್ತುವರಿದ ಪೆನಿನ್ಸುಲಾರ್ ನೈಸ್ ಹಳೆಯದೋ? ಲಾಲ್‌ಬಾಗಿನ ಗುಡ್ಡ ಈ ನೈಸೇ. ಡಬ್ಲ್ಯೂ. ಎಫ್. ಸ್ಮೀತ್ ಕಾಲದ ಮೈಸೂರು ಇಲಾಖೆ ಧಾರವಾಡವೇ ಹಳೆಯದು, ನೈಸ್ ಆಮೇಲೆ ನುಗ್ಗಿದ್ದು ಎಂದು ಪಟ್ಟು ಹಿಡಿದಿತ್ತು. ಫೂಟ್ ಮಟ್ಟಿಗೆ ನೈಸ್ ತಳಪಾಯ. ಅರ್ಧ ಶತಮಾನಕ್ಕೂ ಮೀರಿ ಎಳೆದಾಡಿದ ಈ ವಾದ ಬಗೆಹರಿದದ್ದು ಎರಡು ಬೇರೆ ಬೇರೆ ಸಮೂಹಗಳನ್ನು ಒಂದೆಂದು ಭಾವಿಸಿದ್ದೇವೆ ಎಂದು ಗೊತ್ತಾದಾಗ. ಸರಗೂರು ಸಮೂಹ ಹಳೆಯದು, ನೈಸಿನೊಳಗೆ ಚೂರು ಚೂರಾಗಿ ಸಿಕ್ಕಿಕೊಂಡಿದೆ. ಧಾರವಾಡ ಸಮೂಹ ವಯಸ್ಸಿನಲ್ಲಿ ಚಿಕ್ಕದು, ನೈಸಿನ ಮೇಲೆ ಹಾಸಿಕೊಂಡಿದೆ. ಜೆ. ಸ್ವಾಮಿನಾಥ್ ಮತ್ತು ಎಂ. ರಾಮಕೃಷ್ಣನ್ ಸಂಪಾದಿಸಿದ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ 1981ರ ಮೆಮೊಯಿರ್ ಈ ವಿಂಗಡಣೆಗೆ ನಕ್ಷೆಯ ಬಲ ಕೊಟ್ಟಿತು.

ಬಾಬಾಬುಡನ್ ಬೆಟ್ಟಸಾಲಿನ ಬುಡದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕೆಳಗೆ ಸವೆದ ನೈಸ್. ಅದರ ಮೇಲೆ ನೀರು ಉರುಳಿಸಿ ನುಣುಪಾಗಿಸಿದ ಬೆಣಚು ಗುಂಡುಗಳ ಕಾಂಗ್ಲೋಮರೇಟ್, ಅದರ ಮೇಲೆ ಅಲೆಗುರುತಿರುವ ಕ್ವಾರ್ಟ್ಜೈಟ್ (ಮರಳುಗಲ್ಲು ಬಿಗಿದು ಆದ ಶಿಲೆ), ಲಾವಾ, ಇನ್ನೂ ಮೇಲೆ ಕಬ್ಬಿಣದ ಪಟ್ಟೆ ಶಿಲೆ. ನೈಸಿಗೂ ಗುಂಡುಗಲ್ಲಿಗೂ ನಡುವಿನ ಗೆರೆಗೆ ಅಸಂಗತಿ ಎನ್ನುತ್ತಾರೆ. ಅದು ಕಾಲದಲ್ಲಿ ಬಿಟ್ಟುಹೋದ ಜಾಗ: ನೈಸ್ ಹುಟ್ಟಿ, ಮೇಲೆದ್ದು, ಬಯಲಾಗಿ ಸವೆದು, ಆಮೇಲೆ ಅದರ ಮೇಲೆ ಹೊಳೆ ಹರಿದಿದೆ. ಈ ಲಾವಾಗಳ ವಯಸ್ಸು ಸುಮಾರು 290 ಕೋಟಿ ವರ್ಷದವರೆಗೆ ಹೋಗುತ್ತದೆ ಎಂದು ಆಮೇಲೆ ಸಮೇರಿಯಂ–ನಿಯೋಡಿಮಿಯಂ ಅಳತೆ ತೋರಿಸಿತು. ಅಂದರೆ ಅಷ್ಟು ಹಿಂದೆಯೇ ಪಶ್ಚಿಮ ಕರ್ನಾಟಕದಲ್ಲಿ ನದಿ ಹರಿಯುವಷ್ಟು ಸಮ, ಕುಸಿಯದಷ್ಟು ಗಟ್ಟಿ ನೆಲವಿತ್ತು.

ಈ ಗುಂಡುಗಲ್ಲಿನಲ್ಲಿ ಯುರೇನಿಯಂ ಇದೆ, ದುಂಡಗೆ ಸವೆದ ಪೈರೈಟ್ ಇದೆ. ಗಾಳಿಯಲ್ಲಿ ಆಮ್ಲಜನಕ ಇದ್ದಿದ್ದರೆ ಹೊಳೆಯಲ್ಲಿ ಉರುಳುವಾಗಲೇ ಇವು ಕರಗಿಹೋಗಬೇಕಿತ್ತು. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ್ಯಾಂಡ್‌ನ ಚಿನ್ನದ ಗಣಿಗಳಲ್ಲಿ ಅಗೆಯುವುದೂ ಇದೇ ಬಗೆಯ ಗುಂಡುಗಲ್ಲನ್ನೇ, ಅದರಲ್ಲೂ ಯುರೇನಿಯಂ ಇದೆ. ನಮ್ಮದರಲ್ಲಿ ಅಷ್ಟು ಚಿನ್ನ ಇಲ್ಲ ಎಂಬುದು ಬೇರೆ ಮಾತು. ಯುರೇನಿಯಂ ಅಳೆಯುತ್ತಾ ವೃತ್ತಿ ಶುರುಮಾಡಿದ ಮನುಷ್ಯ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಇದ್ದಿರಲಾರ ಎಂದು ನನಗೆ ಅನ್ನಿಸುತ್ತದೆ.

ರೋಜರ್ಸ್ ಮಾಡಿದ ಕೆಲಸ ಸರಳ. ಜಗತ್ತಿನ ಹಳೆಯ ಕ್ರೇಟಾನುಗಳನ್ನು ಪಟ್ಟಿ ಮಾಡಿ, ಯಾವುದರ ಮೇಲೆ ಸುಮಾರು 300 ಕೋಟಿ ವರ್ಷದ ಹೊತ್ತಿಗೇ ಇಂಥ ನೆಮ್ಮದಿಯ ಪದರಗಳು ಹಾಸಿವೆ ಎಂದು ಹುಡುಕಿದರು. ಕಾಪ್‌ವಾಲ್, ಪಿಲ್ಬರಾ, ಪಶ್ಚಿಮ ಧಾರವಾಡ, ಸಿಂಗ್‌ಭೂಮ್ ಈ ಗುಂಪಿಗೆ ಬಂದವು. ಕೆನಡಾ ಕಡೆಯ ದೊಡ್ಡ ಕ್ರೇಟಾನುಗಳು ಗಟ್ಟಿಯಾದದ್ದು ಸುಮಾರು 250 ಕೋಟಿ ವರ್ಷದ ಹಿಂದೆ. ಬೇಗ ಗಟ್ಟಿಯಾದ ತುಣುಕುಗಳನ್ನು, ಎಲ್ಲ ಖಂಡಗಳೂ ಕೊನೆಯ ಬಾರಿ ಒಂದಾಗಿದ್ದ ಮಹಾಖಂಡ ಪ್ಯಾಂಜಿಯಾದ ನಕ್ಷೆಯ ಮೇಲೆ ಗುರುತಿಸಿದಾಗ ಅವೆಲ್ಲ ಮುಂದೆ ಹಿಂದೂ ಮಹಾಸಾಗರ ತೆರೆದುಕೊಂಡ ಜಾಗದ ಸುತ್ತ, ಒಂದರ ಬಳಿ ಒಂದು ಬಿದ್ದವು. ಹಾಗಾದರೆ ಇವು ಹುಟ್ಟಿನಿಂದಲೂ ಒಟ್ಟಿಗೇ ಇದ್ದವು, ಸುಮಾರು 20 ಕೋಟಿ ವರ್ಷದ ಹಿಂದೆ ಪ್ಯಾಂಜಿಯಾ ಒಡೆಯುವವರೆಗೂ ಬಿಟ್ಟಿರಲಿಲ್ಲ ಎಂದರು. ಅದು ಉರ್. 1996ರ ಲೇಖನದಲ್ಲಿ ಉತ್ತರದವಕ್ಕೆ ಆರ್ಕ್ಟಿಕಾ, ದಕ್ಷಿಣ ಅಮೆರಿಕ ಮತ್ತು ಪಶ್ಚಿಮ ಆಫ್ರಿಕದವಕ್ಕೆ ಅಟ್ಲಾಂಟಿಕಾ ಎಂದು ಹೆಸರಿಟ್ಟು 300 ಕೋಟಿ ವರ್ಷಗಳ ಖಂಡಚರಿತ್ರೆಯನ್ನೇ ಬರೆದರು.

ಚಿಕ್ಕಮಗಳೂರಿನ ಆ ಗೆರೆ ಇನ್ನೂ ಜಗಳದಲ್ಲೇ ಇದ್ದಿದ್ದರೆ ಉರ್‌ಗೆ ಭಾರತದಲ್ಲಿ ಕಾಲೂರಲು ಜಾಗವಿರುತ್ತಿರಲಿಲ್ಲ. ಮಹಾಖಂಡದ ಚಿತ್ರಗಳಲ್ಲಿ ಬಣ್ಣ ಬಣ್ಣದ ತುಣುಕುಗಳನ್ನು ನೋಡುವಾಗ ಇದು ಮರೆತುಹೋಗುತ್ತದೆ. ಒಂದೊಂದು ಬಣ್ಣದ ಹಿಂದೆ ಕೊಡೆ, ಸುತ್ತಿಗೆ, ಟೋಪೋಶೀಟ್ ಹಿಡಿದು ಕಾಫಿ ತೋಟಗಳಲ್ಲಿ ಅಲೆದವರ ನಕ್ಷೆಗಳಿವೆ.

ಕೊಲಂಬಿಯಾ, ಚುಟುಕಾಗಿ

ತಮ್ಮ ಎಪ್ಪತ್ತರ ವಯಸ್ಸಿನ ಆಸುಪಾಸಿನಲ್ಲಿ ರೋಜರ್ಸ್ ಇನ್ನೊಂದು ಹೆಜ್ಜೆ ಇಟ್ಟರು. ಈ ಬಾರಿ ಜೊತೆಯಾದವರು ಆಳದ ಬಿಸಿಯಲ್ಲಿ ಬೆಂದ ಕೇರಳದ ಗ್ರಾನ್ಯುಲೈಟ್ ಶಿಲೆಗಳ ಅಧ್ಯಯನದಿಂದ ಹೊರಟು ಜಪಾನಿನಲ್ಲಿ ನೆಲೆಸಿದ್ದ ಎಂ. ಸಂತೋಷ್. 2002ರಲ್ಲಿ ‘ಗೊಂಡ್ವಾನಾ ರಿಸರ್ಚ್’ನಲ್ಲಿ ಇಬ್ಬರೂ ಮಂಡಿಸಿದ್ದು ಕೊಲಂಬಿಯಾ: 190ರಿಂದ 150 ಕೋಟಿ ವರ್ಷಗಳ ನಡುವೆ ಭೂಮಿಯ ಬಹುಪಾಲು ಖಂಡಗಳು ಸೇರಿ ಆಗಿದ್ದ ಮಹಾಖಂಡ. ಪೂರ್ವ ಭಾರತ ಉತ್ತರ ಅಮೆರಿಕದ ಪಶ್ಚಿಮ ಅಂಚಿಗೆ, ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ಸೀಮೆಗೆ, ಅಂಟಿಕೊಂಡಿತ್ತು ಎಂಬುದು ಅದರ ಒಂದು ಮುಖ್ಯ ಎಳೆ. ಹೆಸರು ಅಲ್ಲಿಂದ. ಪಾಲ್ ಹಾಫ್‌ಮನ್ 1997ರಲ್ಲೇ ಇಂಥದಕ್ಕೆ ನೂನಾ ಎಂದು ಕರೆದಿದ್ದರಿಂದ ಇವತ್ತಿಗೂ ಒಂದೇ ಖಂಡಕ್ಕೆ ಎರಡು ಹೆಸರು ನಡೆಯುತ್ತಿವೆ. ಈ ಹೆಸರಿನ ವ್ಯಾಜ್ಯಕ್ಕೆ ಖರ್ಚಾದ ಶಾಯಿ ಸ್ವಲ್ಪ ಹೆಚ್ಚೇ ಆಯಿತು.

ಕಾಂತಸೂಜಿ ಹೇಳಿದ ಸಾಕ್ಷಿ

ಉರ್ ವಾದದ ದುರ್ಬಲ ಕೊಂಡಿ ಯಾವುದು? ಪ್ಯಾಂಜಿಯಾದಲ್ಲಿ ಹತ್ತಿರ ಇದ್ದವು, ಆದ್ದರಿಂದ 300 ಕೋಟಿ ವರ್ಷದ ಹಿಂದೆಯೂ ಹತ್ತಿರ ಇದ್ದವು ಎಂಬ ನೆಗೆತ. ಇವತ್ತು ಒಂದೇ ಬೀದಿಯಲ್ಲಿ ಮನೆ ಮಾಡಿರುವವರೆಲ್ಲ ಒಂದೇ ತಾಯಿಯ ಮಕ್ಕಳು ಎಂದ ಹಾಗೆ ಇದು. ನಡುವೆ ತುಣುಕುಗಳು ದೂರ ಹೋಗಿ ಮತ್ತೆ ಬಂದು ಸೇರಿರಬಹುದು. ಪೂರ್ವ ಘಟ್ಟದ ಮಡಿಕೆಗಳೂ ಮಧ್ಯ ಭಾರತದ ಹೊಲಿಗೆ ವಲಯವೂ ಅಂಥ ಡಿಕ್ಕಿಗಳ ಗುರುತು ಎಂದು ಅನೇಕರು ಓದುತ್ತಾರೆ. ಹಾಗೆ ಓದಿದರೆ ಭಾರತದ ತುಣುಕುಗಳೇ ತಮ್ಮತಮ್ಮೊಳಗೆ ಯಾವಾಗ ಒಂದಾದವು ಎಂಬುದು ಮೊದಲು ತೀರ್ಮಾನವಾಗಬೇಕು.

ಇದನ್ನು ಪರೀಕ್ಷಿಸುವ ದಾರಿ ಪುರಾಕಾಂತತ್ವ. ಕರಗಿದ ಶಿಲೆ ತಣಿಯುವಾಗ ಅದರ ಮ್ಯಾಗ್ನಟೈಟ್ ಕಣಗಳು ಆಗಿನ ಭೂಕಾಂತ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಸಮಭಾಜಕದಲ್ಲಿ ಆ ದಿಕ್ಕು ಮಟ್ಟಸವಾಗಿರುತ್ತದೆ, ಧ್ರುವದಲ್ಲಿ ನೆಟ್ಟಗೆ. ಆ ದಿಕ್ಕು ನೆಲಮಟ್ಟದಿಂದ ಬಾಗಿರುವ ಕೋನದ ಟ್ಯಾಂಜೆಂಟ್ ಅಕ್ಷಾಂಶದ ಟ್ಯಾಂಜೆಂಟಿನ ಎರಡರಷ್ಟು. ಹಾಗಾಗಿ 30 ಡಿಗ್ರಿ ಅಕ್ಷಾಂಶದಲ್ಲಿ ಹುಟ್ಟಿದ ಶಿಲೆಯೊಳಗಿನ ಸೂಜಿ ಸುಮಾರು 49 ಡಿಗ್ರಿ ಬಾಗಿರುತ್ತದೆ. ರೇಖಾಂಶ ಮಾತ್ರ ಇದರಿಂದ ಸಿಗುವುದಿಲ್ಲ. ಹಳೆಯ ಖಂಡ ಎಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಇತ್ತು ಎಂದು ಹೇಳಬಹುದು, ಪೂರ್ವ–ಪಶ್ಚಿಮದಲ್ಲಿ ಎಲ್ಲಿತ್ತು ಎಂದು ಹೇಳಲಾಗದು. ಆದ್ದರಿಂದ ಎರಡು ತುಣುಕು ಒಟ್ಟಿಗಿದ್ದವು ಎನ್ನಲು ಒಂದೇ ವಯಸ್ಸಿನ ಹಲವು ಜೋಡಿ ಅಳತೆ ಬೇಕು.

ಈ ಕೆಲಸಕ್ಕೆ ಧಾರವಾಡ ಕ್ರೇಟಾನ್ ಹೇಳಿ ಮಾಡಿಸಿದ ಜಾಗ, ಏಕೆಂದರೆ ಅದರ ತುಂಬ ಡೈಕುಗಳಿವೆ, ಅಂದರೆ ಬಿರುಕುಗಳಿಗೆ ನುಗ್ಗಿ ತಣಿದ ಕರಗಿದ ಶಿಲೆ. ಬೆಂಗಳೂರು, ಕುಣಿಗಲ್, ಮಂಡ್ಯದ ಸುತ್ತ ನೈಸನ್ನು ಸೀಳಿಕೊಂಡು ಮೈಲಿಗಟ್ಟಲೆ ಓಡುವ ಕಪ್ಪು ಗೋಡೆಯಂಥ ಕಲ್ಲುಗಳು ಇವೇ. ಬಿಲ್ಡರುಗಳಿಗೆ ಅದು ‘ಬ್ಲ್ಯಾಕ್ ಗ್ರಾನೈಟ್’. 2007ರಲ್ಲಿ ಕೆನಡಾದ ಹೆನ್ರಿ ಹಾಲ್ಸ್, ಹೈದರಾಬಾದಿನ ಅನಿಲ್ ಕುಮಾರ್ ಮತ್ತು ಸಂಗಡಿಗರು ಪೂರ್ವ–ಪಶ್ಚಿಮ ಓಡುವ ಡೈಕುಗಳನ್ನು ಹಿಡಿದರು. ಬ್ಯಾಡೆಲಿಯೈಟ್ ಎಂಬ ಪುಟ್ಟ ಖನಿಜದಲ್ಲಿನ ಯುರೇನಿಯಂ–ಸೀಸದ ಲೆಕ್ಕದಿಂದ ವಯಸ್ಸು 236.7 ಕೋಟಿ ವರ್ಷ ಎಂದು ಸಿಕ್ಕಿತು. ಕಾಂತ ದಿಕ್ಕು ಬಹಳ ಕಡಿದಾಗಿತ್ತು. ಆಗ ನಮ್ಮ ನೆಲ ಧ್ರುವದ ಹತ್ತಿರ ಇತ್ತು! ಅವರ ಇನ್ನೊಂದು ಗಮನಿಕೆ ನನಗೆ ಇಷ್ಟ: ಡೈಕಿನ ಫೆಲ್ಡ್‌ಸ್ಪಾರ್ ಹರಳುಗಳು ಎಷ್ಟು ಕಪ್ಪಿಟ್ಟಿವೆ ಎಂಬುದನ್ನು ನೋಡಿ ಕ್ರೇಟಾನಿನ ಯಾವ ಭಾಗ ಎಷ್ಟು ಆಳದಿಂದ ಮೇಲೆ ಬಂದಿದೆ ಎಂದು ಊಹಿಸಿದರು. ಮೊದಲು ಹೇಳಿದ ವಾಲಿಕೆಗೆ ಹೀಗೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಇಂಥ ಅಳತೆಗಳು ಸೇರುತ್ತಾ ಹೋದಂತೆ ರೋಜರ್ಸ್ ಚಿತ್ರ ಬದಲಾಯಿತು. ಕಾಪ್‌ವಾಲ್ ಮತ್ತು ಪಿಲ್ಬರಾ ಜೋಡಿಗೆ ವಾಲ್ಬರಾ ಎಂದು ಬೇರೆಯದೇ ಹೆಸರು ಬಂತು, ಆ ಜೋಡಿಗೆ ಕಾಂತತ್ವದ ಬೆಂಬಲವೂ ಸಿಕ್ಕಿತು. ಕೊಲಂಬಿಯಾದಲ್ಲಿ ಭಾರತದ ಜಾಗವೂ ಸರಿಯಿತು. ಬಸ್ತರ್ ಕ್ರೇಟಾನಿನ ಲಖ್ನಾ ಡೈಕುಗಳ ಸುಮಾರು 147 ಕೋಟಿ ವರ್ಷದ ಕಾಂತ ದಾಖಲೆ ನೋಡಿದ ಸೆರ್ಗೆಯ್ ಪಿಸಾರೆವ್‌ಸ್ಕಿ ಮತ್ತು ಸಂಗಡಿಗರು 2013ರಲ್ಲಿ ಭಾರತವನ್ನು ಬಾಲ್ಟಿಕ್ ಕಡೆಯ ಖಂಡದ ಪಕ್ಕಕ್ಕೆ ಒಯ್ದರು. ವಾಷಿಂಗ್ಟನ್ನಿಂದ ಬಹಳ ದೂರ. ಮಹಾಖಂಡ ಉಳಿಯಿತು, ಅದಕ್ಕೆ ಹೆಸರು ಕೊಟ್ಟ ಅಂಟು ಬಿಟ್ಟಿತು.

ಇದನ್ನು ರೋಜರ್ಸ್ ಸೋಲು ಎಂದು ನಾನು ಎಣಿಸುವುದಿಲ್ಲ. ಪದರಗಳ ಹೋಲಿಕೆಯಿಂದ ಒಂದು ಸ್ಪಷ್ಟವಾದ, ತಪ್ಪಾಗಬಲ್ಲ ಚಿತ್ರ ಬರೆದರು. ಬೇಗ ಗಟ್ಟಿಯಾದ ಕ್ರೇಟಾನುಗಳು, ತಡವಾಗಿ ಗಟ್ಟಿಯಾದವು ಎಂಬ ವಿಂಗಡಣೆ ಇನ್ನೂ ಬಳಕೆಯಲ್ಲಿದೆ. ಸಿಂಗ್‌ಭೂಮ್ 330–320 ಕೋಟಿ ವರ್ಷದ ಹಿಂದೆಯೇ ಕಡಲ ಮೇಲೆ ತಲೆ ಎತ್ತಿತ್ತು ಎಂದು ಪ್ರಿಯದರ್ಶಿ ಚೌಧುರಿ ಮತ್ತಿತರರು 2021ರಲ್ಲಿ ವಾದಿಸಿದ್ದು ಅದೇ ಎಳೆಯ ಮುಂದುವರಿಕೆ, ಮರಳುಗಲ್ಲು ಮತ್ತು ಗ್ರಾನೈಟುಗಳನ್ನೇ ಹಿಡಿದು. ರೋಜರ್ಸ್ ಬಗ್ಗೆ ನನಗಿರುವ ತಕರಾರು ಒಂದೇ: ಮಹಾಖಂಡದ ಹೆಸರುಗಳನ್ನು ಅವರು ಸಾಕ್ಷಿಗಿಂತ ಬೇಗ ಹಂಚಿದರು. ಹೆಸರು ಬಿದ್ದ ಮೇಲೆ ಪಠ್ಯಪುಸ್ತಕಗಳು ಅದನ್ನು ಊರಿನ ಹೆಸರಿನಂತೆ ಬಳಸತೊಡಗುತ್ತವೆ, ಮೊದಲಿದ್ದ ಪ್ರಶ್ನಾರ್ಥಕ ಚಿಹ್ನೆ ಬಿದ್ದುಹೋಗುತ್ತದೆ.

ಉರ್‌ನ ಭಾರತದ ಭಾಗ ನಿಲ್ಲುತ್ತದೋ ಬೀಳುತ್ತದೋ ಎಂದು ನೇರವಾಗಿ ಹೇಳಲು ಬೇಕಾದದ್ದು ಪಶ್ಚಿಮ ಧಾರವಾಡದಿಂದಲೇ 270 ಕೋಟಿ ವರ್ಷಕ್ಕಿಂತ ಹಳೆಯ, ನಂಬಬಹುದಾದ ಕಾಂತ ದಿಕ್ಕು. ಬಾಬಾಬುಡನ್ ಲಾವಾಗಳಿಗೆ ಆ ವಯಸ್ಸಿದೆ. ತೊಂದರೆ ಎಲ್ಲಿ ಎಂದರೆ, ಪಿಲ್ಬರಾದ ಫೋರ್ಟೆಸ್ಕ್ಯೂ ಲಾವಾ ಹೆಚ್ಚು ಬೇಯದೆ ಉಳಿದಿದೆ, ನಮ್ಮದು ಉಳಿದಿಲ್ಲ. ಸುಮಾರು 250 ಕೋಟಿ ವರ್ಷದ ಹಿಂದೆ ಇಡೀ ಕ್ರೇಟಾನ್ ಬಿಸಿಯಾದಾಗ, ರಾಮನಗರದ ಕ್ಲೋಸ್‌ಪೇಟ್ ಗ್ರಾನೈಟ್ ನುಗ್ಗಿದ ಹೊತ್ತಿಗೆ, ಷಿಸ್ಟ್ ಪಟ್ಟಿಗಳ ಖನಿಜಗಳೇ ಬದಲಾದವು. ಹಳೆಯ ದಿಕ್ಕಿನ ಮೇಲೆ ಹೊಸ ದಿಕ್ಕು ಬರೆದುಕೊಂಡಿರುವ ಸಾಧ್ಯತೆ ಹೆಚ್ಚು. ಗುಂಡುಗಲ್ಲು ಪರೀಕ್ಷೆ ಎಂಬುದೊಂದಿದೆ: ಲಾವಾದ ಉಂಡೆಗಳು ಮೇಲಿನ ಕಾಂಗ್ಲೋಮರೇಟಿನಲ್ಲಿ ಸಿಕ್ಕರೆ, ಒಂದೊಂದು ಉಂಡೆಯ ಕಾಂತ ದಿಕ್ಕು ಒಂದೊಂದು ಕಡೆ ಇದ್ದರೆ ದಾಖಲೆ ಹಳೆಯದು, ಎಲ್ಲವೂ ಒಂದೇ ಕಡೆ ತಿರುಗಿದ್ದರೆ ಅದು ಆಮೇಲಿನ ಬಿಸಿಯಲ್ಲಿ ಬರೆದದ್ದು. ಈ ದಾರಿಗೆ ಬರುವ ವಿದ್ಯಾರ್ಥಿ ಪ್ರಯೋಗಾಲಯದ ಮ್ಯಾಗ್ನೆಟೋಮೀಟರ್ ಮುಂದೆ ಕೂರುವ ಮೊದಲು ಅಂಥ ಉಂಡೆಗಳಿರುವ ಪದರ ಚಿಕ್ಕಮಗಳೂರಿನ ಯಾವ ಹಳ್ಳದಲ್ಲಿ ತೆರೆದಿದೆ ಎಂದು ಹುಡುಕಬೇಕು, 1981ರ ಆ ನಕ್ಷೆಗಳನ್ನು ಹರಡಿಕೊಂಡು.